ದೃಶ್ಯವು ಶ್ರವ್ಯವಾದ ಬಗೆ

ನಾವು ಕನ್ನಡದ ಮೇಷ್ಟ್ರುಗಳು ಕವಿಚರಿತೆಗಳನ್ನು ಓದಿ ಬೆಳೆದವರು. ಕವಿಯ ಕಾಲ, ದೇಶ, ಗುರುಪರಂಪರೆ, ಆತ ರಚಿಸಿದ ಗ್ರಂಥಗಳ ಹೆಸರು, ಇಷ್ಟು ನಾಲ್ಕು ಸಾಲು ದೊರೆತರೆ ಸಾಕು. ಅದರ ಹಿಂದೆ ಒಂದು ಬಾಳನ್ನೂ ಒಂದು ಮನಸ್ಸನ್ನೂ ಊಹಿಸಿಕೊಳ್ಳುವುದು ನಮಗೆ ಅಭ್ಯಾಸವಾಗಿಹೋಗಿದೆ. ಈ ಅಭ್ಯಾಸದ ಬಲದಿಂದಲೇ ನಾನು ಈಚೆಗೆ ಒಂದು ವಿಚಿತ್ರವಾದ ಗ್ರಂಥಸೂಚಿಯನ್ನು ಓದಲು ಕುಳಿತೆ. ಅದು ಕವಿಯದಲ್ಲ. ಹಾಲೆಂಡ್ ದೇಶದ ಐಂಡ್‌ಹೋವನ್ ನಗರದಲ್ಲಿರುವ ಫಿಲಿಪ್ಸ್ ಸಂಶೋಧನಾಲಯದಲ್ಲಿ ಬಹುಕಾಲ ದುಡಿದ ಪೀಟರ್ ಮೈಯರ್ ಎಂಬ ಭೌತವಿಜ್ಞಾನಿಯ ಲೇಖನಗಳ ಪಟ್ಟಿ. ವಿಜ್ಞಾನದ ವಿದ್ಯಾರ್ಥಿಯಲ್ಲದ ನನಗೆ ಅದರ ಅರ್ಧದಷ್ಟು ಶೀರ್ಷಿಕೆಗಳು ಮೊದಲು ಕಬ್ಬಿಣದ ಕಡಲೆಯೇ ಆಗಿದ್ದುವು. ಆದರೂ ಬಿಡಲಿಲ್ಲ. ಬಿಡದಿರುವುದಕ್ಕೆ ಕಾರಣ ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ.

ಆಕೆ ಹುಟ್ಟಿನಿಂದ ದೃಷ್ಟಿಯಿಲ್ಲದವಳು. ಒಂದು ದಿನ ತರಗತಿಯಲ್ಲಿ ಲಿಪಿಯ ಬೆಳವಣಿಗೆಯನ್ನು ಕುರಿತು ಪಾಠ ಹೇಳುತ್ತ, ಕನ್ನಡದ ಅಕ್ಷರಗಳು ದುಂಡು ದುಂಡಾಗಿ ಮುತ್ತು ಪೋಣಿಸಿದ ಹಾಗಿವೆಯೆಂದು, ಎಲ್ಲ ಮೇಷ್ಟ್ರುಗಳೂ ಹೇಳುವಂತೆ ನಾನೂ ಹೇಳಿದೆ. ಪಾಠ ಮುಗಿದ ಮೇಲೆ ಆಕೆ ಮೇಜಿನ ಬಳಿಗೆ ಬಂದು ನಿಂತಳು.

"ಸಾರ್, ಮುತ್ತು ಹೇಗಿರುತ್ತೆ ಅಂತ ನನಗೆ ಗೊತ್ತು. ನಮ್ಮ ಅಜ್ಜಿಯ ಸರ ಮುಟ್ಟಿ ನೋಡಿದ್ದೀನಿ. ಅಕ್ಷರ ಹೇಗಿರುತ್ತೆ ಸಾರ್?"

ಹದಿನೈದು ವರ್ಷ ಕನ್ನಡದ ಮಗ್ಗಿಗಳನ್ನೇ ಓದಿಕೊಂಡು ಬಂದವಳು. ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಪಡೆದವಳು. ಷಟ್ಪದಿಯ ಗಣವನ್ನು ಬೆರಳಿನಲ್ಲಿ ಎಣಿಸದೆ ಕಿವಿಯಿಂದಲೇ ಹೇಳಬಲ್ಲವಳು. ಅವಳಿಗೆ ಅಕ್ಷರ ಗೊತ್ತಿಲ್ಲವೆ? ಗೊತ್ತಿದೆ, ಆದರೆ ಅದು ಬೇರೆ ಅಕ್ಷರ. ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಆರು ಚುಕ್ಕೆಗಳ ಲಿಪಿಯನ್ನು ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದಿಸಿ 1951ರಲ್ಲಿ ಭಾರತಿ ಬ್ರೈಲ್ ಎಂಬ ಏರ್ಪಾಟನ್ನು ಮಾಡಿದರು. ಅದರಲ್ಲಿ ಕಕಾರವೆಂದರೆ ಒಂದನೆಯ ಮತ್ತು ಮೂರನೆಯ ಚುಕ್ಕೆ. ಕನ್ನಡದ ಕಕಾರಕ್ಕೂ ಅದೇ, ಹಿಂದಿಯ ಕಕಾರಕ್ಕೂ ಅದೇ. ಇದು ಅಂಧರಿಗೆ ದೊಡ್ಡ ಉಪಕಾರ. ಆದರೆ ಶಾಸನದ ಕಾಲದಿಂದ ನಮ್ಮ ಅಕ್ಷರಗಳು ತಿರುಗಿ ತಿರುಗಿ ದುಂಡಾದ ಚರಿತ್ರೆ ಆ ಚುಕ್ಕೆಗಳಲ್ಲಿಲ್ಲ. ನನ್ನ ವಿದ್ಯಾರ್ಥಿನಿ ಕೇಳಿದ್ದು ಆ ದುಂಡನ್ನು. ನಾನು ಅವಳ ಅಂಗೈಯ ಮೇಲೆ ಬೆರಳಿನಿಂದ ಒಂದು ಅಕ್ಷರ ಬರೆದೆ. ಅವಳು ನಕ್ಕು, "ಕಚಗುಳಿ ಆಗುತ್ತೆ ಸಾರ್" ಎಂದಳು. ಉತ್ತರ ಅಲ್ಲಿಗೇ ನಿಂತಿತು. ಆ ರಾತ್ರಿ ಈ ವಿಷಯವಾಗಿ ಹುಡುಕುತ್ತ ಹೋದವನಿಗೆ ದೊರೆತದ್ದು ಮೈಯರ್ ಮಹಾಶಯರ ಪಟ್ಟಿ.

ಈ ಪಟ್ಟಿ ಎರಡು ಕವಲಾಗಿ ಹರಿಯುತ್ತದೆ. ಮೊದಲನೆಯ ಕವಲು ಅವರ ಉದ್ಯೋಗಕ್ಕೆ ಸಂಬಂಧಿಸಿದ್ದು. ರೇಡಿಯೋ, ಟೆಲಿವಿಷನ್, ಕಂಪ್ಯೂಟರುಗಳ ಒಳಗಿರುವ ಟ್ರಾನ್ಸಿಸ್ಟರುಗಳನ್ನು ತಯಾರಿಸುವ ಮೊದಲು ಅವು ಹೇಗೆ ವರ್ತಿಸುತ್ತವೆಂಬುದನ್ನು ಗಣಿತದ ಮಾದರಿಯಲ್ಲಿ ಲೆಕ್ಕಹಾಕಿ ನೋಡಬೇಕಾಗುತ್ತದೆ. ಆ ಮಾದರಿಗಳಿಗೆ ಬೇಕಾದ ಸೂತ್ರಗಳನ್ನು ಪರಿಣತರು ಭೌತಶಾಸ್ತ್ರದ ನಿಯಮಗಳಿಂದ ಒಂದೊಂದಾಗಿ ಹೊಸೆಯುತ್ತಿದ್ದರು. ಅದು ಬಹುಕಾಲ ಹಿಡಿಯುವ ಕೆಲಸ. 1990ರಲ್ಲಿ ಮೈಯರ್ ಬರೆದ ಒಂದು ಲೇಖನ, ಅಳತೆಗಳ ಕೋಷ್ಟಕಗಳಿಂದಲೇ ಇಂಥ ಮಾದರಿಯನ್ನು ನುಣುಪಾಗಿ ಕಟ್ಟುವ ಬಗೆಯನ್ನು ಕುರಿತದ್ದು. 1996ರಲ್ಲಿ ಐಂಡ್‌ಹೋವನ್ನಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅವರು ಒಪ್ಪಿಸಿದ ಡಾಕ್ಟರೇಟ್ ಪ್ರಬಂಧ ಒಂದು ಹೆಜ್ಜೆ ಮುಂದೆ ಹೋಯಿತು. ಸೂತ್ರವನ್ನು ನಾವು ಬರೆಯುವುದೇಕೆ? ಅಳತೆಗಳನ್ನು ತೋರಿಸಿ ಯಂತ್ರಕ್ಕೇ ಕಲಿಸಿಬಿಡೋಣ ಎಂಬುದು ಅದರ ತಾತ್ಪರ್ಯ. ಕಲಿಯುವ ಆ ಯಂತ್ರಕ್ಕೆ ಕೃತಕ ನರಜಾಲವೆಂದು ಹೆಸರು.

ನರಜಾಲವೆಂದೊಡನೆ ಓದುಗರು ಹೆದರಬೇಕಾಗಿಲ್ಲ. ನಮ್ಮ ಮಿದುಳಿನ ನರಕೋಶಗಳು ಒಂದರೊಡನೊಂದು ಕೊಂಡಿ ಹಾಕಿಕೊಂಡು ಕೆಲಸಮಾಡುವಂತೆ, ಲೆಕ್ಕದ ಸಣ್ಣ ಸಣ್ಣ ಘಟಕಗಳನ್ನು ಸಾಲುಸಾಲಾಗಿ ಕೊಂಡಿಹಾಕಿದರೆ ಅದು ನರಜಾಲ. ಈ ಕಲ್ಪನೆಯನ್ನು ಗಣಿತದಲ್ಲಿ ಮೊದಲು ಹಿಡಿದವರು ಅಮೆರಿಕದ ಮೆಕಲಕ್ ಮತ್ತು ಪಿಟ್ಸ್, 1943ರಲ್ಲಿ. ಜಾಲ ಒಂದು ಉತ್ತರ ಕೊಡುತ್ತದೆ. ಉತ್ತರ ತಪ್ಪಾದರೆ, ಆ ತಪ್ಪಿನಲ್ಲಿ ಯಾವ ಕೊಂಡಿಯ ಪಾಲು ಎಷ್ಟೆಂದು ಹಿಂದಿನಿಂದ ಹಿಂದಕ್ಕೆ ಲೆಕ್ಕಹಾಕಿ, ಒಂದೊಂದು ಕೊಂಡಿಯನ್ನೂ ತುಸು ತಿದ್ದುತ್ತಾರೆ. 1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಎಂಬ ಮೂವರು ಬರೆದ ಲೇಖನದಿಂದ ಈ ತಿದ್ದುವ ಉಪಾಯ ಪ್ರಸಿದ್ಧವಾಯಿತು. ಹುಡುಗನೊಬ್ಬ ಕಾಪಿ ಬರೆದದ್ದನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದಂತೆ. ಆದರೆ ಸಾವಿರಾರು ಸಲ. ಮೈಯರ್ ಇದಕ್ಕೆ ಸೇರಿಸಿದ್ದು ಕಾಲದ ಆಯಾಮ. ಟ್ರಾನ್ಸಿಸ್ಟರಿನ ನಡವಳಿಕೆ ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ಅವರ ಜಾಲದ ಘಟಕಗಳೂ ಕಾಲದೊಡನೆ ಬದಲಾಗುವ ಸಮೀಕರಣಗಳಿಂದ ನಡೆಯುತ್ತವೆ.

ಇನ್ನು ಎರಡನೆಯ ಕವಲು. ಪ್ರಬಂಧಕ್ಕೆ ನಾಲ್ಕು ವರ್ಷ ಮೊದಲೇ, 1992ರ ಫೆಬ್ರವರಿಯಲ್ಲಿ, ವೈದ್ಯಕೀಯ ಇಂಜಿನಿಯರಿಂಗಿಗೆ ಮೀಸಲಾದ ಒಂದು ಪತ್ರಿಕೆಯಲ್ಲಿ ಮೈಯರ್ ಅವರ ಲೇಖನವೊಂದು ಅಚ್ಚಾಯಿತು. ಚಿತ್ರಗಳನ್ನು ಧ್ವನಿಯಾಗಿ ಮಾರ್ಪಡಿಸುವ ಪ್ರಾಯೋಗಿಕ ಯಂತ್ರವೊಂದನ್ನು ಕುರಿತದ್ದು ಅದು. ಯಂತ್ರದ ತತ್ತ್ವ ಮಕ್ಕಳಿಗೂ ತಿಳಿಯುವಷ್ಟು ಸರಳ. ಕ್ಯಾಮರಾ ಹಿಡಿದ ಚಿತ್ರವನ್ನು ಅಡ್ಡಕ್ಕೆ 64, ಉದ್ದಕ್ಕೆ 64 ಚುಕ್ಕೆಗಳಾಗಿ ಒಡೆಯುತ್ತಾರೆ; ಒಟ್ಟು 4,096 ಚುಕ್ಕೆ. ಒಂದೊಂದು ಚುಕ್ಕೆಗೂ ಕಪ್ಪಿನಿಂದ ಬಿಳುಪಿನವರೆಗೆ 16 ಛಾಯೆ. ಯಂತ್ರವು ಚಿತ್ರವನ್ನು ಎಡದಿಂದ ಬಲಕ್ಕೆ, ನಾವು ಸಾಲನ್ನು ಓದುವಂತೆ, ಸುಮಾರು ಒಂದು ಸೆಕೆಂಡಿನಲ್ಲಿ ಓದಿ ಮುಗಿಸುತ್ತದೆ. ಮೇಲಿರುವ ಚುಕ್ಕೆಗೆ ತಾರಸ್ವರ, ಕೆಳಗಿರುವುದಕ್ಕೆ ಮಂದ್ರ. ಬೆಳಕು ಹೆಚ್ಚಿದ್ದರೆ ದನಿ ಜೋರು, ಕತ್ತಲೆಗೆ ಮೌನ. ಹಾಗಾಗಿ ಮಲಗಿದ ಗೆರೆ ಒಂದೇ ಶ್ರುತಿಯಾಗಿ ಕೇಳುತ್ತದೆ. ಏರುವ ಗೆರೆ ಏರುವ ಸ್ವರವಾಗುತ್ತದೆ. ನೆಟ್ಟಗೆ ನಿಂತ ಕಂಬ ಎಲ್ಲ ಸ್ವರಗಳೂ ಒಮ್ಮೆಗೇ ಸಿಡಿದಂತೆ ಕೇಳಿ ಮರೆಯಾಗುತ್ತದೆ.

ನಮ್ಮ ಅಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸಿದರು. ನಾಟಕ ಕಣ್ಣಿಗೆ, ಮಹಾಕಾವ್ಯ ಕಿವಿಗೆ. ಆ ಎರಡರ ನಡುವಣ ಗೋಡೆಯಲ್ಲಿ ಒಂದು ಕಿಂಡಿ ಕೊರೆದ ಹಾಗೆ ಈ ಲೇಖನ ನನಗೆ ತೋರಿತು. ಗೋಡೆಗೆ ಉಳಿ ಹಿಡಿದವರಲ್ಲಿ ಮೈಯರ್ ಮೊದಲಿಗರೇನೂ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಫೂರ್ನಿಯೆ ಡಾಲ್ಬ್ ಎಂಬ ಭೌತವಿಜ್ಞಾನಿ 1914ರ ಹೊತ್ತಿಗೆ ಅಚ್ಚಿನ ಅಕ್ಷರವನ್ನು ಸ್ವರಗುಚ್ಛವಾಗಿ ಮಾಡುವ ಆಪ್ಟೋಫೋನ್ ಎಂಬ ಯಂತ್ರವನ್ನು ಕಟ್ಟಿದ್ದರು. ಮೇರಿ ಜೇಮ್ಸನ್ ಎಂಬ ದೃಷ್ಟಿಹೀನ ಮಹಿಳೆ ಅದರಿಂದ ಓದುವುದನ್ನು ಸಾಧಿಸಿ ತೋರಿಸಿದರು. 1969ರಲ್ಲಿ ಅಮೆರಿಕದ ಪಾಲ್ ಬಾಕ್-ಇ-ರೀಟ ಮತ್ತು ಸಂಗಡಿಗರು ದಂತವೈದ್ಯರ ಕುರ್ಚಿಯೊಂದರ ಬೆನ್ನಿಗೆ 400 ಕಂಪಕಗಳನ್ನು ಜೋಡಿಸಿ, ಕ್ಯಾಮರಾ ಕಂಡದ್ದನ್ನು ಅಂಧರ ಬೆನ್ನಿನ ಮೇಲೆ ಬರೆದರು. ಕ್ಯಾಮರಾವನ್ನು ಅಂಧರೇ ತಮ್ಮ ಕೈಯಿಂದ ಆಡಿಸಿದಾಗ ಮಾತ್ರ ವಸ್ತು ಬೆನ್ನಿನ ಮೇಲಲ್ಲ, ಎದುರಿಗಿದೆಯೆಂದು ಅವರಿಗೆ ತೋರತೊಡಗಿತು. ಇಂದ್ರಿಯವೊಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸುವ ಈ ವಿದ್ಯೆಯಲ್ಲಿ ಅದು ಹಿರಿಯ ಹೆಜ್ಜೆ.

ಮೈಯರ್ ಲೇಖನದ ಎರಡು ಮಾತುಗಳು ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುವು. ಮೊದಲನೆಯದು ಅವರು ಹಾಕಿಕೊಂಡ ನಿಯಮ. ಚಿತ್ರ ದನಿಯಾದ ಮೇಲೆ, ಆ ದನಿಯಿಂದ ಮತ್ತೆ ಚಿತ್ರವನ್ನು ಪಡೆಯುವಂತಿರಬೇಕು. ನಡುವೆ ಏನೂ ಸೋರಿಹೋಗಬಾರದು. ಹೇಳಿ ಸುಮ್ಮನಾಗಲಿಲ್ಲ, ಯಂತ್ರ ಹೊರಡಿಸಿದ ದನಿಯನ್ನು ಕಂಪ್ಯೂಟರಿಗೆ ಒಪ್ಪಿಸಿ, ಅದರಿಂದ ಚಿತ್ರವನ್ನು ಹಿಂದಕ್ಕೆ ಬರೆಯಿಸಿ ತೋರಿಸಿದರು. ಭಾಷಾಂತರಕಾರರಾದ ನಮ್ಮಲ್ಲಿ ಎಷ್ಟು ಮಂದಿ ಇಂಥ ಪರೀಕ್ಷೆಗೆ ನಮ್ಮ ಕೃತಿಗಳನ್ನು ಒಡ್ಡಿಯೇವು! ಎರಡನೆಯದು ಲೇಖನದ ಸಂಗ್ರಹದ ಕೊನೆಯ ಮಾತು. ಮನುಷ್ಯನ ಕಿವಿ ಇದರಿಂದ ಎಷ್ಟು ವಿವರವನ್ನು ಗ್ರಹಿಸೀತೆಂಬುದನ್ನು ಇನ್ನೂ ಪರೀಕ್ಷಿಸಬೇಕಾಗಿದೆ ಎಂದು ಅವರು ಅಲ್ಲಿಯೇ ಒಪ್ಪಿಕೊಂಡಿದ್ದಾರೆ. ಅಂಧರಿಗೆ ಕಣ್ಣು ಕೊಟ್ಟೆನೆಂದು ಡಂಗುರ ಹೊಡೆಯಲಿಲ್ಲ. ಬಹುಶಃ ಆ ದಾರಿಯಲ್ಲಿ ಒಂದು ಹೆಜ್ಜೆಯಾಗಬಹುದು ಎಂದಷ್ಟೇ ಹೇಳಿದರು. ವಿನಯವೆಂದರೆ ಇದು.

ಆ ಕೊನೆಯ ಮಾತಿಗೆ ಉತ್ತರ ಬರಲು ಇಪ್ಪತ್ತು ವರ್ಷ ಹಿಡಿಯಿತು. 1998ರ ಜನವರಿಯಲ್ಲಿ ಈ ಯಂತ್ರವನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ನಡೆಯುವ ತಂತ್ರಾಂಶವಾಗಿ ಮಾಡಿ ಅಂತರಜಾಲದಲ್ಲಿ ಎಲ್ಲರಿಗೂ ಬಿಟ್ಟರು. ಅನಂತರ ಅದು ಕೈಯಲ್ಲಿ ಹಿಡಿಯುವ ಫೋನಿಗೂ ಇಳಿಯಿತು. ಅದರ ಹೆಸರು 'ದಿ ವಾಯ್ಸ್', ಎಂದರೆ ದನಿ. ಆ ಇಂಗ್ಲಿಷ್ ಶಬ್ದದ ನಡುವಣ ಮೂರು ಅಕ್ಷರಗಳನ್ನು ದೊಡ್ಡದಾಗಿ ಬರೆದಿದ್ದಾರೆ. ಅವನ್ನು ಬಿಡಿಬಿಡಿಯಾಗಿ ಉಚ್ಚರಿಸಿದರೆ 'ಓ, ಐ ಸೀ', ಎಂದರೆ 'ಓಹೋ, ಕಾಣುತ್ತಿದೆ' ಎಂದು ಕೇಳುತ್ತದೆ. ಶ್ಲೇಷೆ ನಮ್ಮ ಚಂಪೂ ಕವಿಗಳ ಸೊತ್ತೇ ಎಂದುಕೊಂಡಿದ್ದ ನನಗೆ ಇದು ಸಣ್ಣ ಪಾಠ.

ತಂತ್ರಾಂಶ ಮಿದುಳನ್ನು ಅಧ್ಯಯನ ಮಾಡುವವರ ಕೈಗೆ ಬಿತ್ತು. 2007ರಲ್ಲಿ ಅಮೀರ್ ಅಮೇದಿ ಮೊದಲಾದವರ ಜೊತೆಯಲ್ಲಿ ಮೈಯರ್ ಹೆಸರೂ ಇರುವ ಲೇಖನವೊಂದು ಪ್ರಕಟವಾಯಿತು. ವಸ್ತುಗಳ ಆಕಾರವನ್ನು ಕಣ್ಣಿನಿಂದಲೂ ಸ್ಪರ್ಶದಿಂದಲೂ ಗುರುತಿಸುವ ಒಂದು ಪ್ರದೇಶ ಮಿದುಳಿನಲ್ಲಿದೆ. ಈ ಯಂತ್ರದ ನಿಯಮವನ್ನು ಕಲಿತವರು, ಕಣ್ಣಿದ್ದವರೂ ಇಲ್ಲದವರೂ, ದನಿಯಿಂದ ಆಕಾರ ತಿಳಿಯುವಾಗ ಅದೇ ಪ್ರದೇಶ ಚುರುಕಾಯಿತು. ಇದಕ್ಕಿಂತ ಅರ್ಥಪೂರ್ಣವಾದ ಸಂಗತಿ ಇನ್ನೊಂದಿದೆ. 'ಈ ದನಿ ಎಂದರೆ ಈ ವಸ್ತು' ಎಂದು ನಿಯಮ ತಿಳಿಯದೆ ಉರುಹೊಡೆದವರಲ್ಲಿ ಆ ಪ್ರದೇಶ ಹಾಗೆ ಎಚ್ಚರಗೊಳ್ಳಲಿಲ್ಲ. ಕಂಠಪಾಠಕ್ಕೂ ತಿಳಿವಿಗೂ ಇರುವ ಅಂತರವನ್ನು ಮಿದುಳೇ ಹೀಗೆ ಬೇರ್ಪಡಿಸಿ ತೋರಿಸಿದ್ದನ್ನು ಮೇಷ್ಟ್ರಾದವರು ಮರೆಯಬಾರದು.

2010ರಲ್ಲಿ ಜೇಮೀ ವಾರ್ಡ್ ಅವರೊಡನೆ ಮೈಯರ್ ಬರೆದ ಲೇಖನ, ನಡುವಯಸ್ಸಿಗೆ ಮುನ್ನ ದೃಷ್ಟಿ ಕಳೆದುಕೊಂಡು ಈ ಯಂತ್ರವನ್ನು ವರ್ಷಗಟ್ಟಲೆ ಬಳಸಿದ ಇಬ್ಬರ ಅನುಭವವನ್ನು ದಾಖಲಿಸುತ್ತದೆ. ಕೆಲವು ತಿಂಗಳ ಬಳಕೆಯ ಮೇಲೆ ಅವರಿಗೆ ದನಿ ದನಿಯಾಗಿ ಉಳಿಯದೆ, ಕಂಡಂತೆಯೇ ಆಗತೊಡಗಿತೆಂದು ಅವರು ಹೇಳಿದರು. ಹಿಂದೆ ಕಂಡಿದ್ದ ಲೋಕದ ನೆನಪು ಅದಕ್ಕೆ ಒತ್ತಾಸೆಯಾಗಿದ್ದಿರಬೇಕೆಂದು ಲೇಖಕರು ಎಚ್ಚರದಿಂದ ಸೇರಿಸಿದ್ದಾರೆ. 2012ರಲ್ಲಿ ಅಮೇದಿಯವರ ಬಳಗ ಹುಟ್ಟಿನಿಂದ ಅಂಧರಾದವರಿಗೇ ತರಬೇತಿ ಕೊಟ್ಟು, ನೇತ್ರವೈದ್ಯರು ತೋರಿಸುವಂಥ ಅಕ್ಷರಫಲಕದಿಂದ ಅವರನ್ನು ಪರೀಕ್ಷಿಸಿತು. ಅವರಲ್ಲಿ ಹಲವರ ಗ್ರಹಣಶಕ್ತಿ, ವಿಶ್ವ ಆರೋಗ್ಯ ಸಂಸ್ಥೆ ಅಂಧತ್ವಕ್ಕೆ ಇಟ್ಟ ಮೇರೆಯನ್ನು ದಾಟಿತು. ಅದೇ ವರ್ಷದ ಇನ್ನೊಂದು ಲೇಖನದ ಪ್ರಕಾರ, ಅವರು ದನಿಯಿಂದ ಅಕ್ಷರ ಓದುವಾಗ ಚುರುಕಾದದ್ದು, ಕಣ್ಣಿದ್ದವರ ಮಿದುಳಿನಲ್ಲಿ ಅಕ್ಷರಕ್ಕೆಂದೇ ಮೀಸಲಾದ ಎಡೆ. ಎಂದೂ ಬೆಳಕು ಕಾಣದ ಮಿದುಳಿನಲ್ಲಿಯೂ ಸರಸ್ವತಿಗೆ ಒಂದು ಮಣೆ ಹಾಕಿಟ್ಟಿತ್ತೆಂದಾಯಿತು.

ಈಗ ಎರಡು ಕವಲುಗಳೂ ಎಲ್ಲಿ ಸೇರುತ್ತವೆ? ನನಗೆ ತೋರಿದ್ದು ಇದು. ಕಲಿಯುವ ಭಾರವನ್ನು ಯಾರು ಹೊರಬೇಕು, ಎಂಬ ಒಂದೇ ಪ್ರಶ್ನೆಗೆ ಅವು ಎರಡು ಉತ್ತರಗಳು. ಟ್ರಾನ್ಸಿಸ್ಟರಿನ ವಿಷಯದಲ್ಲಿ ಮೈಯರ್ ಕಲಿಯುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರು. ಅಂಧರ ವಿಷಯದಲ್ಲಿ ಅದನ್ನು ಮನುಷ್ಯನಿಗೇ ಉಳಿಸಿದರು. ಅವರ ಚಿತ್ರಧ್ವನಿ ಯಂತ್ರ ಏನನ್ನೂ ಕಲಿಯುವುದಿಲ್ಲ, ಏನನ್ನೂ ಅರ್ಥೈಸುವುದಿಲ್ಲ. ತನಗೆ ಸಿಕ್ಕದ್ದನ್ನು ಹಾಗೆಯೇ ಒಪ್ಪಿಸಿ ಪಕ್ಕಕ್ಕೆ ನಿಲ್ಲುತ್ತದೆ. ಕಲಿಯುವ ನರಜಾಲ ಕೇಳುವವರ ತಲೆಯೊಳಗಿನದು.

ಇಂದಿನ ಫೋನುಗಳಲ್ಲಿರುವ ಸಹಾಯಕ ತಂತ್ರಾಂಶಗಳು ಇದಕ್ಕೆ ವಿರುದ್ಧವಾದ ದಾರಿ ಹಿಡಿದಿವೆ. ಅವುಗಳಲ್ಲಿ ಕೃತಕ ನರಜಾಲವೇ ನೋಡುತ್ತದೆ. ನೋಡಿ, 'ಎದುರಿಗೆ ಕುರ್ಚಿಯಿದೆ', 'ಇದು ನೂರು ರೂಪಾಯಿನ ನೋಟು' ಎಂದು ಮಾತಿನಲ್ಲಿ ಹೇಳುತ್ತದೆ. ಕುರುಕ್ಷೇತ್ರದ ಸುದ್ದಿಯನ್ನು ಧೃತರಾಷ್ಟ್ರನಿಗೆ ಹೇಳಿದ ಸಂಜಯನಂತೆ ಅದು. ಸಂಜಯನಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಸಂಜಯ ಹೇಳಿದ್ದಷ್ಟೇ ಧೃತರಾಷ್ಟ್ರನ ಯುದ್ಧ. ಅವನು ಬಿಟ್ಟದ್ದು ಅರಸನ ಪಾಲಿಗೆ ನಡೆಯಲೇ ಇಲ್ಲ. ಮೈಯರ್ ಯಂತ್ರ ಸಂಜಯನಲ್ಲ. ಅದು ವ್ಯಾಖ್ಯಾನವಿಲ್ಲದ ಮೂಲಪಾಠ. ಓದುವುದು ಕಷ್ಟ, ಆದರೆ ಓದಿದ್ದು ತನ್ನದು. ನನ್ನ ವಿದ್ಯಾರ್ಥಿನಿಯ ಫೋನಿನಲ್ಲಿ ಸಂಜಯನಿದ್ದ. ಪುಟದ ಮುಂದೆ ಹಿಡಿದರೆ 'ಕ' ಎಂದು ಓದಿಹೇಳುತ್ತಿದ್ದ. ಕಕಾರ ಹೇಗಿದೆಯೆಂದು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ನಾವಿಬ್ಬರೂ ವಿಭಾಗದ ಕೊಠಡಿಯಲ್ಲಿ ಕುಳಿತೆವು. ಆಕೆಯ ತಾಯಿಯೂ ಜೊತೆಗಿದ್ದರು. ಬಿಳುಪಿಗೆ ದನಿ, ಕಪ್ಪಿಗೆ ಮೌನವಾದ್ದರಿಂದ ಕಪ್ಪು ರಟ್ಟಿನ ಮೇಲೆ ಬಿಳಿಯ ಬಣ್ಣದಿಂದ ದೊಡ್ಡದಾಗಿ ಒಂದು ಅನುಸ್ವಾರ, ಎಂದರೆ ಒಂದು ಸೊನ್ನೆ, ಬರೆದಿದ್ದೆ. ಫೋನನ್ನು ಅದರ ಮುಂದೆ ನಿಲ್ಲಿಸಿ ಮೊದಲು ನಾನೇ ಕೇಳಿದೆ. ಸೆಕೆಂಡಿಗೊಮ್ಮೆ ಏನೋ ಕುಯ್ಯೆಂದು ಹಾದುಹೋಗುತ್ತಿತ್ತು. ಕಣ್ಣು ತೆರೆದಿದ್ದ ನನಗೆ ಏನೂ ಕೇಳಿಸಲಿಲ್ಲವೆಂದೇ ಹೇಳಬೇಕು. ಅವಳ ಕಿವಿಗೆ ಕೊಟ್ಟು, ನಿಯಮವನ್ನು ಮಾತ್ರ ಹೇಳಿದೆ, ಬರೆದದ್ದೇನೆಂದು ಹೇಳಲಿಲ್ಲ. ಬಹಳ ಹೊತ್ತು ತಲೆ ತಗ್ಗಿಸಿ ಕೇಳಿದಳು.

"ಸಾರ್, ನಡುವೆ ಒಂದೇ ದನಿ ಶುರುವಾಗುತ್ತೆ. ಆಮೇಲೆ ಅದು ಎರಡಾಗುತ್ತೆ. ಒಂದು ಮೇಲಕ್ಕೆ ಹೋಗುತ್ತೆ, ಒಂದು ಕೆಳಕ್ಕೆ. ಆಮೇಲೆ ಎರಡೂ ವಾಪಸ್ಸು ಬಂದು ಸೇರಿಕೊಳ್ಳುತ್ತೆ."

"ಏನಿರಬಹುದಮ್ಮ ಅದು?"

ಅವಳು ಉತ್ತರ ಹೇಳಲಿಲ್ಲ. ಎರಡು ಕೈಗಳ ತೋರುಬೆರಳನ್ನೂ ಮೇಜಿನ ಮೇಲೆ ಒಂದೆಡೆ ಕೂಡಿಸಿ, ಒಂದನ್ನು ಮೇಲಿನಿಂದ, ಒಂದನ್ನು ಕೆಳಗಿನಿಂದ ಬಳಸಿ ತಂದು, ಮತ್ತೆ ಕೂಡಿಸಿದಳು. "ಬಳೆ" ಎಂದಳು.

ಬ್ರೈಲಿನಲ್ಲಿ ಅವಳ ಅನುಸ್ವಾರ ಐದನೆಯ ಮತ್ತು ಆರನೆಯ ಚುಕ್ಕೆ. ಸೊನ್ನೆ ದುಂಡಗಿದೆಯೆಂದು ಎಲ್ಲರೂ ಹೇಳಿದ್ದರು, ಇವಳು ನಂಬಿದ್ದಳು. ಆ ಮಧ್ಯಾಹ್ನ ನಂಬಿಕೆ ಹೋಗಿ ಅರಿವು ಬಂತು. ಹುರುಪಿನಿಂದ ಠಕಾರವನ್ನು ಬರೆದು ಇಟ್ಟೆ. ಅದೇ ಬಳೆ, ನಡುವೆ ಚಿಟಿಕೆ ಹೊಡೆದಂತೆ ಒಂದು ಚುಕ್ಕೆ, ಮೇಲೆ ತಲೆಕಟ್ಟಿನ ತಾರಸ್ವರ; ಅದೂ ಹೇಗೋ ದಕ್ಕಿತು. ಕಕಾರ ದಕ್ಕಲಿಲ್ಲ. ಅದರ ಸುಳಿಗಳೆಲ್ಲ ಒಂದರ ಮೇಲೊಂದು ಬಿದ್ದು ಗೋಜಲಾದುವು. ಒಂದು ಗಂಟೆ ಕಳೆಯುವಷ್ಟರಲ್ಲಿ ಅವಳಿಗೆ ತಲೆನೋವು ಬಂತು. ಪುಸ್ತಕದ ಪುಟದ ಮುಂದೆ ಹಿಡಿದರೆ ಬರಿಯ ಮಳೆಯ ಸದ್ದು.

ಇಷ್ಟನ್ನೂ ಮುಚ್ಚಿಡದೆ ಹೇಳಬೇಕು. ಈ ವಿದ್ಯೆಗೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಬೀದಿಯಲ್ಲಿ ನಡೆಯುವ ಅಂಧರಿಗೆ ಕಿವಿಯೇ ಕಣ್ಣು. ಅದನ್ನು ಯಂತ್ರಕ್ಕೆ ಒಪ್ಪಿಸಿದರೆ ಲಾರಿಯ ಸದ್ದನ್ನು ಯಾರು ಕೇಳಬೇಕು? 1992ರ ಲೇಖನಕ್ಕೆ ಮೂವತ್ತು ವರ್ಷ ಕಳೆದ ಮೇಲೂ ಈ ಬಗೆಯ ಯಂತ್ರಗಳು ಬಿಳಿಯ ಕೋಲಿನಂತೆ ಮನೆಮಾತಾಗಿಲ್ಲ. 

ಹೊರಡುವಾಗ ನಾನು ಅವಳಿಗೆ, "ಆಯಾಸವಾಯಿತೇನಮ್ಮ? ಒಂದು ಸೊನ್ನೆಗಾಗಿ ಇಷ್ಟು ಹೊತ್ತು" ಎಂದೆ. ಸಮಾಧಾನ ಹೇಳಬೇಕೆಂದು ಆಡಿದ ಮಾತು. ಅವಳು ಕೋಲನ್ನು ಬಿಚ್ಚಿಕೊಳ್ಳುತ್ತ, "ಎಲ್ಲರಿಗೂ ಅಷ್ಟೇ ಹೊತ್ತು ಆಗಿರುತ್ತಲ್ಲ ಸಾರ್, ಮೊದಲನೆ ಸಲ? ಅವರಿಗೆ ನೆನಪಿಲ್ಲ, ಅಷ್ಟೆ" ಎಂದಳು.

ಮರಳಿನ ಮೇಲೆ ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದ ನನ್ನ ತಂದೆಯ ಕೈ ಆಗ ನೆನಪಾಯಿತು. ಎಷ್ಟು ದಿನ ತಿದ್ದಿದೆನೋ ತಿಳಿಯದು. ಆ ರಟ್ಟುಗಳನ್ನು ಅವಳು ತನ್ನ ಚೀಲದಲ್ಲಿ ಹಾಕಿಕೊಂಡು ಹೋದಳು, ಕಕಾರವನ್ನೂ ಸೇರಿಸಿ.